ಗುತ್ಯಮ್ಮನ ಕಲಗಚ್ಚಿನ ಬಾನಿ

ಕುಪ್ಪಗಡ್ಡೆಯ ಗುತ್ಯಮ್ಮನ ಮೂಗು ಬಲು ಚುರುಕು. ಯಾರ ಮನೆಯಲ್ಲಿ ಒಗ್ಗರಣೆ ಸೀದರೂ ಆಕೆಗೆ ಬೀದಿಯಲ್ಲೇ ತಿಳಿಯುತ್ತಿತ್ತು. ತನ್ನ ಅಡಿಗೆಮನೆಯ ಕಿಂಡಿಯಾಚೆ ಕೂತಿದ್ದ ಕಲ್ಲುಬಾನಿಯ ನಾತ ಮಾತ್ರ ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಡಿದಿರಲಿಲ್ಲ. ಅಕ್ಕಿ ತೊಳೆದ ನೀರು, ಗಂಜಿ, ಬಾಳೆಕಾಯಿ ಸಿಪ್ಪೆ, ಹಳಸಿದ ಸಾರು ಎಲ್ಲವೂ ಆ ಕಿಂಡಿಯಿಂದ ಬಾನಿಗೆ ಬಿದ್ದು ಎಮ್ಮೆಯ ಕಲಗಚ್ಚಾಗುತ್ತಿತ್ತು. ಎಮ್ಮೆ ಕುಡಿದು ಬಿಟ್ಟ ಗಸಿಯ ಮೇಲೆ ಮರುದಿನದ್ದು, ಅದರ ಮೇಲೆ ಅದರ ಮರುದಿನದ್ದು. ಬಾನಿ ತಿಕ್ಕು ಎಂದು ಹೇಳುವ ಧೈರ್ಯ ಗಂಡ ಮಾಸ್ತಪ್ಪನಿಗಂತೂ ಇರಲಿಲ್ಲ.

ಹೇಳಿದವಳು ಪಕ್ಕದ ಮನೆಯ ಯಮುನಮ್ಮ. ಅದೂ ಬಾಯಲ್ಲಲ್ಲ. ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ಬಂದವಳು ಅಡಿಗೆಮನೆಯ ಹೊಸ್ತಿಲಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು, ಅಷ್ಟೇ.

"ಮೂಗು ಮುಚ್ಕಳೋರು ನಮ್ಮನೆಗೆ ಬರೋದೇ ಬ್ಯಾಡ!" ಎಂದಳು ಗುತ್ಯಮ್ಮ.

ಆಮೇಲೆ ಮೂರು ವರ್ಷ ಇಬ್ಬರಿಗೂ ಮಾತಿಲ್ಲ. ಬೇಲಿಯ ಆಚೆ ಈಚೆ ನಿಂತು, ಕೋಳಿ ಬೈಯುವ ನೆಪದಲ್ಲಿ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ಯಮುನಮ್ಮನಿಲ್ಲದ ಮಧ್ಯಾಹ್ನಗಳನ್ನು ಕಳೆಯುವುದು ಗುತ್ಯಮ್ಮನಿಗೆ ದೊಡ್ಡ ಸಂಕಟವಾಗಿತ್ತು. ಹಾಗೆಂದು ತಾನಾಗಿ ಹೋಗಿ ಮಾತಾಡಿಸುವ ಹೆಂಗಸೇ ಆಕೆ? ಪ್ರಾಣ ಹೋದರೂ ಇಲ್ಲ.

ಐವತ್ತೆಂಟನೇ ಇಸವಿಯಲ್ಲಿ ಸರ್ಕಾರದ ಗ್ರಾಮಸೇವಿಕೆ ಬಂದು, ಊರಿನ ಅತಿ ಚೊಕ್ಕ ಅಡಿಗೆಮನೆಗೆ ಒಂದು ಲಾಟೀನು ಬಹುಮಾನ, ಗೆದ್ದವರ ಮನೆಯಲ್ಲೇ ಹೆಂಗಸರಿಗೆಲ್ಲ ಕಾಫಿ ಎಂದು ಸಾರಿದಳು. ಲಾಟೀನು ಯಾರಿಗೆ ಬೇಕಿತ್ತು? ಯಮುನಮ್ಮ ಇದೇ ಅಡಿಗೆಮನೆಯಲ್ಲಿ ಕೂತು, ಮೂಗು ಮುಚ್ಚದೆ ಒಂದು ಲೋಟ ಕಾಫಿ ಕುಡಿಯಬೇಕು. ಗುತ್ಯಮ್ಮ ಸೆರಗು ಸಿಕ್ಕಿಸಿದಳು.

ಎರಡು ದಿನ ತೆಂಗಿನ ನಾರು ಹಿಡಿದು ಬಾನಿಯನ್ನು ಬೂದಿಯಲ್ಲಿ ತಿಕ್ಕಿದಳು, ಸುಣ್ಣ ಬಳಿದಳು, ಕುದಿಯುವ ನೀರು ಹೊಯ್ದಳು. ಕಂಚಿಕಾಯಿಯ ಸಿಪ್ಪೆಯಿಂದ ಉಜ್ಜಿ, ಕೊನೆಗೆ ಲೋಬಾನದ ಹೊಗೆಯನ್ನೂ ಹಾಕಿದಳು. "ಬಾನೀಲಿ ದೇವ್ರನ್ನ ಕೂರಿಸ್ತೀಯೇನೇ?" ಎಂದು ಕೇಳಿದ ಮಾಸ್ತಪ್ಪ ಸರಿಯಾಗಿ ಬೈಸಿಕೊಂಡ.

ತಳದಿಂದ ಕೆರೆದ ಗಸಿಯೇ ಎರಡು ಕೊಡವಾಯಿತು. ಚೆಲ್ಲಲು ಮನೆ ಹಿಂದೆಯೇ ತಿಪ್ಪೆಯಿತ್ತು. ಆದರೆ ಯಮುನಮ್ಮ ಕೆರೆಗೆ ಹೋದ ಹೊತ್ತು ನೋಡಿ, ಗುತ್ಯಮ್ಮ ಬೇಲಿ ದಾಟಿ, ಎರಡೂ ಕೊಡವನ್ನು ಅವಳ ಹಿತ್ತಿಲ ಬಾನಿಗೆ ಸುರಿದು, ಏನೂ ಅರಿಯದವಳಂತೆ ಬಂದು ಮುಖ ತೊಳೆದುಕೊಂಡಳು.

ಒಬ್ಬರನ್ನು ಕೇಳುವುದು ಮರೆತಿದ್ದಳು: ಎಮ್ಮೆಯನ್ನು. ಅದು ಬಾನಿಗೆ ಮೂತಿಯಿಟ್ಟು, ಸುಣ್ಣ ಕಂಚಿಕಾಯಿಯ ವಾಸನೆಗೆ ಬುಸ್ಸೆಂದು ಹಿಂದೆ ಸರಿಯಿತು. ಎರಡು ಹೊತ್ತು ಏನೂ ಕುಡಿಯಲಿಲ್ಲ.

ಮರುದಿನ ಬೆಳಿಗ್ಗೆ ಹೆಂಗಸರ ಹಿಂಡಿನೊಡನೆ ಗ್ರಾಮಸೇವಿಕೆ ಬಂದಳು. "ಏನ್ ಘಮ್ ಅಂತದೆ ರೀ ನಿಮ್ಮ ಅಡಿಗೆಮನೆ!" ಎಂದು ಆಕೆ ಹೇಳುವಷ್ಟರಲ್ಲಿ ಕೊಟ್ಟಿಗೆಯಿಂದ ಧಡ್ ಎಂಬ ಸದ್ದು. ಹಸಿದ ಎಮ್ಮೆ ಹಗ್ಗ ಕಿತ್ತುಕೊಂಡು, ತನ್ನ ಮನೆಯ ಗಸಿಯ ವಾಸನೆ ಹಿಡಿದು, ಬೇಲಿ ಮುರಿದು, ಯಮುನಮ್ಮನ ಬಾನಿಯಲ್ಲಿ ಕತ್ತಿನ ತನಕ ಮುಖ ಹಾಕಿತ್ತು. ಎಲ್ಲರೂ ಅಲ್ಲಿಗೆ ಓಡಿದರು. ನಾತಕ್ಕೆ ಗ್ರಾಮಸೇವಿಕೆ ಕರವಸ್ತ್ರ ತೆಗೆದಳು.

ಯಮುನಮ್ಮ ಬಾನಿ ನೋಡಿದಳು, ಎಮ್ಮೆ ನೋಡಿದಳು, ಗುತ್ಯಮ್ಮನನ್ನು ನೋಡಿದಳು.

"ಇದು ನಿಮ್ಮನೇದೇ ಕಣೇ ಗುತ್ತೀ. ಈ ವಾಸ್ನೆ ನನಗೆ ಗೊತ್ತಿಲ್ವಾ?"

ಗುತ್ಯಮ್ಮನಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸಿತು. ಬಾಯಿ ಮಾತ್ರ ಬಗ್ಗಲಿಲ್ಲ. "ಗೊತ್ತಿದ್ರೆ ಅವತ್ತೇ ಬಾಯ್ಬಿಟ್ಟು ಹೇಳ್ಬೇಕಿತ್ತು. ಸೆರಗಲ್ಲಿ ಮೂಗು ಯಾಕೆ ಮುಚ್ಕಂಡೆ?"

"ಹೇಳಿದ್ರೆ ನೀನು ಕೇಳೋಳಾ?"

"ಕೇಳ್ತಿರ್ಲಿಲ್ಲ ಬಿಡು."

ಯಮುನಮ್ಮನಿಗೆ ನಗು ತಡೆಯಲಾಗಲಿಲ್ಲ. ಗ್ರಾಮಸೇವಿಕೆ ಲಾಟೀನನ್ನು ಬೇರೆ ಕೇರಿಯವರಿಗೆ ಕೊಟ್ಟು ಹೋದದ್ದು ಇಬ್ಬರ ಗಮನಕ್ಕೂ ಬರಲಿಲ್ಲ.

ಆಮೇಲೂ ಎಮ್ಮೆ ತನ್ನ ಬಾನಿಯನ್ನು ಮೂಸಲೇ ಇಲ್ಲ. ಹಾಗಾಗಿ ದಿನಾ ಎರಡು ಹೊತ್ತು ಗುತ್ಯಮ್ಮ ಕಲಗಚ್ಚನ್ನು ಕೊಡಕ್ಕೆ ತುಂಬಿ, ಎಮ್ಮೆಯನ್ನೂ ಹಿಡಿದುಕೊಂಡು ಯಮುನಮ್ಮನ ಹಿತ್ತಿಲಿಗೆ ಹೋಗಬೇಕಾಯಿತು. ಎಮ್ಮೆ ಕುಡಿಯಲು ಗಳಿಗೆ ಸಾಕು. ಇವರಿಬ್ಬರ ಮಾತು ಮುಗಿಯಲು ಜಾವ ಬೇಕು.

ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ, ಹೊರಡುವ ಹೊತ್ತಿಗೆ ಎಮ್ಮೆ ತನ್ನ ಬಾನಿಯ ಮುಂದೆ ನಿಂತಿತು. ಒಮ್ಮೆ ಮೂಸಿತು. ಸಮಾಧಾನವಾಗಿ ಮೂತಿ ತಗ್ಗಿಸಿತು.

ಗುತ್ಯಮ್ಮ, ಮಾಸ್ತಪ್ಪ ನೋಡಿದನೇನೋ ಎಂದು ಸುತ್ತ ಕಣ್ಣಾಡಿಸಿ, ಹಗ್ಗ ಜಗ್ಗಿದಳು.

"ಏಯ್, ಬಾಯಿ ಹಾಕಿದ್ರೆ ನೋಡು! ಯಮುನಿ ಕಾಯ್ತಿರ್ತಾಳೆ, ನಡಿ."