ಗೂಟ ಕಿತ್ತವಳ ಮನೆ ನಕ್ಷೆ

ಇಳಕಲ್ಲಿನಲ್ಲಿ ನಾನು ಕೊಂಡ ನಿವೇಶನಕ್ಕೆ ಹೋದ ಎರಡನೆಯ ಬೆಳಿಗ್ಗೆಯೇ ನನ್ನನ್ನು ಕಳ್ಳಿ ಎಂದರು. ಆಗಿನ್ನೂ ಆರು ಗಂಟೆ. ನಾಲ್ವರು ಹೆಂಗಸರು ಕೆಂಪು ನೂಲಿನ ದೊಡ್ಡ ಸುರುಳಿ ಹಿಡಿದು ನನ್ನ ಜಾಗದ ನಡುವೆ ನಿಂತಿದ್ದರು. ಎಲ್ಲರಿಗಿಂತ ಹಿರಿಯಳಾದ ಗಂಗವ್ವ, ಓಣಿಯ ಆ ತುದಿಯ ಎದುರು ಮನೆಯ ನೇಕಾರ್ತಿ, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: “ಏನ್ರೀ ಬಾಯಾರ, ನಮ್ಮ ಗೂಟ ಕದ್ದಾಕಿ ನೀವ ಏನು?”

ಕದ್ದಿರಲಿಲ್ಲ, ಕಿತ್ತಿದ್ದೆ. ಹಿಂದಿನ ದಿನ ಜಾಗ ಗುಡಿಸುವಾಗ ಎರಡು ಮರದ ಗೂಟ ಕಂಡಿದ್ದವು. ಯಾರೋ ದನ ಕಟ್ಟುತ್ತಿದ್ದರೇನೋ ಎಂದುಕೊಂಡು ಕಿತ್ತು, ತೊಳೆದು, ಒಣಗಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟೆ. ಮೂವತ್ತನಾಲ್ಕು ವರ್ಷ ಮೈಸೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಇರಬಾರದ ಕಡೆ ಇರುವ ವಸ್ತುವನ್ನು ಎತ್ತಿ ತೊಳೆದಿಡುವುದು ನನ್ನ ಕೈಗೆ ತಾನಾಗಿ ಬರುವ ಕೆಲಸ. ಓಡಿ ಹೋಗಿ ಬಾಡಿಗೆ ಮನೆಯಿಂದ ಗಂಟು ತಂದುಕೊಟ್ಟೆ. ಗಂಗವ್ವ ಬಿಚ್ಚಿ ಮೂಸಿದಳು.

“ಅಯ್ಯ ನಮ್ಮವ್ವಾ, ಗೂಟಕ್ಕ ಫಿನಾಯಿಲ್ ಹಚ್ಚ್ಯಾರ!”

ನಾಲ್ವರೂ ನಕ್ಕರು. ಆದರೆ ಹೊತ್ತು ಮೀರಿತ್ತು. ಅವರ ಅಂದಿನ ನೂಲಿನ ಕೆಲಸ ಕೆಟ್ಟಿತು.

ಅಲ್ಲಿಗೇಕೆ ಹೋದೆ ಎಂದು ಮೈಸೂರಿನ ಗೆಳತಿಯರು ಫೋನಿನಲ್ಲಿ ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ ಬರೆದುಬಿಡುತ್ತೇನೆ. ಮಗಳು ಗುಡೂರಿನ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಇಳಕಲ್ಲಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಾಳೆ. ನಿವೃತ್ತಳಾಗಿ ಅವಳ ಜೊತೆ ಒಂದು ತಿಂಗಳಿರಲು ಬಂದೆ, ಉಳಿದುಬಿಟ್ಟೆ. ಬಾಳೆಲ್ಲ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಕಳೆದವಳಿಗೆ ಒಂದೇ ಆಸೆ ಬಾಕಿಯಿತ್ತು. ಕ್ವಾರ್ಟರ್ಸಿನ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ನನ್ನದೇ ಗೋಡೆ ಬೇಕಿತ್ತು, ಅದಕ್ಕೆ ನಾನೇ ಮೊಳೆ ಹೊಡೆಯಬೇಕಿತ್ತು! ಮೈಸೂರಿನಲ್ಲಿ ಕೈಗೆಟುಕದ ಜಾಗ ಇಲ್ಲಿ ಎಟುಕಿತು. ಓಣಿಯೊಂದು ಬಂದು ಮುಗಿಯುವಲ್ಲಿ ಮೂವತ್ತು–ನಲವತ್ತರ ನಿವೇಶನ.

ಕಟ್ಟಡ ಪರವಾನಿಗೆ ಸಿಗದೆ ಇಟ್ಟಿಗೆ ಇಳಿಸುವಂತಿಲ್ಲ. ನಕ್ಷೆ ಬರೆದು, ಕಾಗದ ಜೋಡಿಸಿ, ನಗರಸಭೆಗೆ ಸಲ್ಲಿಸಲು ಮಹಾಂತೇಶ ಎಂಬ ಇಂಜಿನಿಯರನ್ನು ಹಿಡಿದೆ. ಸೀರೆ ಅಂಗಡಿಯ ಮೇಲೆ ಅವನ ಆಫೀಸು. ಹತ್ತಕ್ಕೆ ಬನ್ನಿ ಎಂದಿದ್ದ. ಹತ್ತಕ್ಕೆ ಐದು ನಿಮಿಷವಿರುವಾಗಲೇ ಮೆಟ್ಟಿಲ ಮೇಲೆ ಕುಳಿತೆ. ಹತ್ತೂ ಮುಕ್ಕಾಲಿಗೆ ಚಹಾದ ಫ್ಲಾಸ್ಕ್ ಹಿಡಿದು ಬಂದ.

“ಹತ್ತು ಗಂಟೆ ಅಂದಿದ್ರಿ?”

“ಹತ್ತು ಅಂದ್ರ ಹನ್ನೊಂದರೊಳಗ ರೀ. ಬೇಗನ ಬಂದೇನಿ, ನಿಮ್ಮ ಸಲುವಾಗಿ.”

ಸಿಟ್ಟು ಬಂತು, ಚಹಾ ಚೆನ್ನಾಗಿತ್ತು. ಕಾಗದಗಳನ್ನು ಅವನು ನೋಡುವ ಕ್ರಮ ಇನ್ನೂ ಚೆನ್ನಾಗಿತ್ತು. ನಮ್ಮಲ್ಲಿ ಖಾತೆ ನಕಲು ಎನ್ನುವುದಕ್ಕೆ ಇಲ್ಲಿ ಉತಾರ ಎನ್ನುತ್ತಾರೆ. ಅದರಲ್ಲಿ ಹೆಸರು, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಒಂದೊಂದನ್ನೂ ಬೆರಳಿಟ್ಟು ಓದಿದ. ಅರ್ಜಿಯಲ್ಲಿ ಖಾಯಂ ವಿಳಾಸ ಎಂದಿದ್ದ ಕಡೆ ನಾನು ಅಭ್ಯಾಸದಂತೆ ಮೈಸೂರಿನ ತಂಗಿಯ ಮನೆಯ ವಿಳಾಸ ಬರೆದಿದ್ದೆ. ಅವನು ಕಣ್ಣೆತ್ತಿ ನೋಡಿದ, ಹಾಳೆ ತಿರುವಿದ.

ನಕ್ಷೆ ನಾನು ಹೇಳಿದಂತೆಯೇ ಬಂತು. ಅಡುಗೆಮನೆ, ನನ್ನ ಕೋಣೆ, ಮಗಳ ಕೋಣೆ. ಮೈಸೂರಿನಿಂದ ಬರುವ ತಂಗಿಗೆಂದು ಎರಡು ಮಂಚ ಹಿಡಿಸುವ ಇನ್ನೊಂದು ಕೋಣೆ. ಸುತ್ತ ಕಾಂಪೌಂಡು, ಅದರೊಳಗೆ ಮಲ್ಲಿಗೆ ಪಾತಿ. “ಕಾಂಪೌಂಡ್ ಬೇಕ ಏನ್ರಿ?” ಎಂದು ಮಹಾಂತೇಶ ಎರಡು ಸಲ ಕೇಳಿದ. ಎರಡು ಸಲವೂ ಹೌದೆಂದೆ. ಜೋಳದ ರೊಟ್ಟಿ ಬಡಿಯಲು ಕಲಿಯುತ್ತಿದ್ದ ದಿನಗಳು ಅವು. ಸಂಜೆ ಹಿಟ್ಟಿನ ಕೈಯಲ್ಲೇ ನಕ್ಷೆಯ ಪ್ರತಿ ಬಿಡಿಸಿ ನೋಡುತ್ತಿದ್ದೆ. ರೊಟ್ಟಿಗಳ ಅಂಚು ಹರಿಯುತ್ತಿತ್ತು. ನಕ್ಷೆಯ ಗೆರೆ ಮಾತ್ರ ನೆಟ್ಟಗಿತ್ತು.

ಹದಿನೈದು ದಿನಕ್ಕೆ ಮಹಾಂತೇಶ ಫೋನ್ ಮಾಡಿದ. ಗಂಗವ್ವ ತಕರಾರು ಅರ್ಜಿ ಕೊಟ್ಟಿದ್ದಳು. ನನ್ನ ಕಾಂಪೌಂಡಿನಿಂದ ಓಣಿಯವರಿಗೆ ಹಾಸು ಬಿಗಿಯಲು ಜಾಗವಿಲ್ಲದಂತಾಗುತ್ತದೆ ಎಂದು ಅದರಲ್ಲಿತ್ತು. ಸೀರೆಗೆ ಉದ್ದಕ್ಕೆ ಬರುವ ನೂಲೇ ಹಾಸು. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬೀದಿಯುದ್ದಕ್ಕೂ ಬಿಗಿದು ಗಂಜಿ ಹಚ್ಚಬೇಕು. ನಾನು ಕಿತ್ತಿದ್ದು ಆ ಬಿಗಿತದ ಕೊನೆಯ ಎರಡು ಗೂಟ.

“ಜಾಗ ನನ್ನದು ಅಲ್ವಾ?” ಎಂದೆ.

“ಜಾಗ ನಿಮ್ಮದ ರೀ. ಮುಂಜಾನಿ ಹೊತ್ತು ಅವರದು.”

“ಕಾನೂನು ಏನು ಹೇಳುತ್ತೆ?”

“ಕಾಯ್ದೆ ನಿಮ್ಮ ಕಡೆನ ಐತಿ. ತನಿಖಿ ಆಕ್ಕೈತಿ, ತಕರಾರು ಬಿದ್ದು ಹೊಕ್ಕೈತಿ, ನೀವು ಗೆಲ್ತೀರಿ. ಆಮ್ಯಾಲೆ ಗಂಗವ್ವನ ಬಾಗಲದ ಎದುರಿಗೆ ಬಾಗಲಾ ಇಟಗೊಂಡು ಜನ್ಮಪೂರ್ತಿ ಕುಂದರ್ರಿ. ನಾಳೆ ಆರಕ್ಕ ಬರ್ರಿ ಜಾಗಕ್ಕ. ನಾನೂ ಬರ್ತೇನಿ.”

“ಆರು ಅಂದರೆ?”

“ಆರು ಅಂದ್ರ ಆರ ರೀ. ನೇಕಾರರು ನನ್ನಂಗ ಅಲ್ಲ.”

ಖರೆಯೇ ಹೇಳಿದ್ದ. ಆರಕ್ಕೆ ಸರಿಯಾಗಿ ಹಾಸು ಬಿಚ್ಚಿಕೊಂಡಿತು. ಗಂಗವ್ವನ ಬಾಗಿಲ ಕಡೆಯಿಂದ ಕೆಂಪು ನೂಲು ಓಣಿಯುದ್ದಕ್ಕೂ ಹರಡುತ್ತ ಬಂದು, ಮತ್ತೆ ಹುಗಿದಿದ್ದ ಗೂಟಗಳಿಗೆ ಬಿಗಿದು ನಿಂತಿತು. ಇಬ್ಬರು ಗಂಜಿ ಹಚ್ಚಿದರು, ಇಬ್ಬರು ಹಿಂದೆಯೇ ದೊಡ್ಡ ಕುಂಚ ಎಳೆದರು. ಕಡಿದ ಎಳೆಯನ್ನು ಗಂಗವ್ವ ಕಣ್ಣಿಗೆ ಕಾಣುವ ಮೊದಲೇ ಬೆರಳಲ್ಲಿ ಹಿಡಿದು ಗಂಟು ಹಾಕುತ್ತಿದ್ದಳು. ಮಾತಿಲ್ಲ. ಬಿಸಿಲು ಏರಿದರೆ ಗಂಜಿ ಬಿರುಸಾಗಿ ಎಳೆ ಕಡಿಯುತ್ತವೆ; ಅದರೊಳಗೆ ಮುಗಿಯಬೇಕು. ನಾನು ನೋಡುತ್ತ ನೋಡುತ್ತ ನೆಟ್ಟಗಾದೆ. ಇದು ನನ್ನ ವಾರ್ಡು! ಡಾಕ್ಟರು ಬರುವ ಮೊದಲು ಹಾಸಿಗೆ, ಔಷಧಿ, ಚಾರ್ಟು ಎಲ್ಲ ಮುಗಿಸುತ್ತಿದ್ದ ನನ್ನ ಬೆಳಗಿನ ಪಾಳಿ! ಈ ಊರಿಗೆ ಶಿಸ್ತಿಲ್ಲ ಎಂದು ತಂಗಿಗೆ ಎಷ್ಟು ಸಲ ದೂರಿದ್ದೆನೋ. ಶಿಸ್ತು ನನ್ನದೇ ಜಾಗದಲ್ಲಿ ನಿಂತಿತ್ತು. ಅದರ ಗೂಟ ಕಿತ್ತವಳು ನಾನು.

ಹೆಜ್ಜೆ ಹಾಕಿ ಅಳೆದೆ. ನಿಯಮದಂತೆ ಮುಂದೆ ಬಿಡಲೇಬೇಕಾದ ಜಾಗ ಹಾಸು ಬಿಗಿಯಲು ಸಾಲದು. ಇನ್ನೂ ಎರಡು ಹೆಜ್ಜೆ ಬೇಕು. ಹಿಂದೆಯೂ ಖಾಲಿ ಬಿಡಬೇಕಾದ್ದರಿಂದ ಮನೆಯನ್ನು ಸರಿಸುವಂತಿಲ್ಲ, ಕಿರಿದು ಮಾಡಬೇಕು.

“ಯಾವ ಕೋಣಿ ಸಣ್ಣದು ಮಾಡೂಣ್ರಿ?” ಮಹಾಂತೇಶ ಪೆನ್ಸಿಲ್ ತೆಗೆದ.

ಅಡುಗೆಮನೆ ಆಗಲೇ ಸಣ್ಣದು. ಮಗಳ ಪುಸ್ತಕಗಳಿಗೇ ಒಂದು ಗೋಡೆ ಬೇಕು. ನನ್ನ ಕೋಣೆ ಒಂದು ಮಂಚದ್ದು. ಉಳಿದದ್ದು ತಂಗಿಯದು.

“ಅದನ್ನ ಕಡಿಮೆ ಮಾಡಿ. ಕಾಂಪೌಂಡ್ ಬೇಡ” ಎಂದೆ.

ಗಂಗವ್ವ ಗಂಜಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ಮಹಾಂತೇಶ ಪೆನ್ಸಿಲಿನ ಗೆರೆ ತೋರಿಸಿದ. ಅವಳು ನನ್ನ ಮುಖ ನೋಡಿದಳು. “ಖರೇನ ಏನ್ರಿ ನರ್ಸಬಾಯಿ? ಮುಂದ ಮತ್ತ ಫಿನಾಯಿಲ್ ತರೂದಿಲ್ಲಲ್ಲ?”

ಅವಳು ತಕರಾರು ಹಿಂದಕ್ಕೆ ತೆಗೆದಳು. ಹೊಸ ನಕ್ಷೆ ಹೋಯಿತು. ಅಂದು ತಂಗಿಗೆ ಫೋನ್ ಮಾಡಿದೆ.

“ನನ್ನ ಕೋಣೇನ ನೇಕಾರರಿಗೆ ಕೊಟ್ಟುಬಿಟ್ಯಾ ಅಕ್ಕ?”

“ಎರಡು ಹೆಜ್ಜೆ ಕೊಟ್ಟೆ ಕಣೇ. ಒಂದು ಮಂಚ ಹಿಡಿಯುತ್ತೆ.”

“ಇಬ್ಬರು ಬಂದರೆ?”

“ನಾನು ಕೆಳಗೆ ಮಲಗ್ತೀನಿ.”

“ನಿನ್ನ ಮನೇಲಿ ನೀನೇ ಕೆಳಗಾ?” ಎಂದು ನಕ್ಕಳು. ನಗು ಪೂರ್ತಿ ನಗುವಾಗಿರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಮಹಾಂತೇಶ ಪರವಾನಿಗೆ ಪತ್ರ ತಂದ; ಜೊತೆಗೆ ಅಮೀನಗಡದ ಕರದಂಟು. ಬೆಲ್ಲ, ಅಂಟು, ಒಣಹಣ್ಣಿನ ಆ ಸಿಹಿ ಹಲ್ಲಿಗೆ ಹಿಡಿಯುತ್ತಿತ್ತು. ಹಿಡಿಯಲಿ ಎಂದು ಇನ್ನೊಂದು ತುಂಡು ತಿಂದೆ. ಪತ್ರವನ್ನು ಮೂರು ಸಲ ಓದಿದೆ. ಮನೆ ಕಟ್ಟುವ ಸ್ಥಳ: ಇಳಕಲ್. ಮೇಲೆ, ನನ್ನ ಹೆಸರಿನ ಕೆಳಗೆ: ಮೈಸೂರು.

“ಅದನ್ನ ತಿದ್ದಿಸೂಣೇನ್ರಿ? ಒಂದು ಅರ್ಜಿ ಕೊಟ್ರ ಆತು” ಎಂದ ಮಹಾಂತೇಶ. ಮೊದಲ ದಿನ ಕಣ್ಣೆತ್ತಿ ನೋಡಿದ್ದು ಇದಕ್ಕೇ.

ತಪ್ಪೊಂದು ಕಂಡರೆ ತಿದ್ದದೆ ಬಿಟ್ಟವಳಲ್ಲ ನಾನು. ಆದರೆ ಆ ಎರಡು ಸಾಲಿನಲ್ಲಿ ಯಾವುದನ್ನು ತಪ್ಪೆನ್ನಲಿ? “ಇರಲಿ ಬಿಡಿ” ಎಂದೆ.

ಮರುದಿನ ಬೆಳಿಗ್ಗೆ ಐದೂ ಮುಕ್ಕಾಲಿಗೆ ಜಾಗದಲ್ಲಿದ್ದೆ. ಹೊಸ ಗೋಡೆಯ ಪಾಯಕ್ಕೆ ತಾಗದಂತೆ ಗೂಟ ಒಂದು ಗೇಣು ಓಣಿಯ ಕಡೆ ಸರಿಯಬೇಕಿತ್ತು. ಗಂಗವ್ವ ಎರಡನ್ನೂ ಕಿತ್ತು ತಂದು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟಳು.

“ಕಿತ್ತಾಕಿ ನೀ. ಈಗ ನೀನ ಹುಗಿ.”

ಅಲ್ಲಿಯವರೆಗೆ ಬಾಯಾರ, ನೀವು ಎನ್ನುತ್ತಿದ್ದವಳು ಅಂದು ನೀ ಎಂದಳು. ಸ್ವಂತ ಗೋಡೆ ಇನ್ನೂ ಎದ್ದಿರಲಿಲ್ಲ. ಮೊಳೆ ಹೊಡೆಯುವ ದಿನ ದೂರವಿತ್ತು. ಸುತ್ತಿಗೆ ಎತ್ತಿದೆ. ಆರು ಹೊಡೆಯುವುದರೊಳಗೆ ಎರಡು ಗೂಟವೂ ನಿಂತವು, ಹಾಸು ಬಿಚ್ಚಿಕೊಳ್ಳುತ್ತ ನನ್ನತ್ತ ಬರತೊಡಗಿತು.