ಹೊಳೆಯಾಚೆ ಇಪ್ಪತ್ತಾರು ರಾತ್ರಿ

ಸೈನ್ಯದಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ ಅವಳನ್ನು ಜವಾನರು ನೀರಕ್ಕ ಎಂದು ಕರೆಯುತ್ತಿದ್ದರು. ಯುದ್ಧ ಮುಗಿದು, ಅವಳು ಸೈನ್ಯ ಬಿಟ್ಟು ನಗರಸಭೆಯ ಗ್ಯಾರೇಜಿನಲ್ಲಿ ಲಾರಿಗಳ ಕ್ಲಚ್ಚು, ಬ್ರೇಕು ಬಿಚ್ಚುವ ಕೆಲಸಕ್ಕೆ ಸೇರಿದ ಮೇಲೂ ಆ ಹೆಸರು ಅವಳನ್ನು ಬಿಡಲಿಲ್ಲ. ಬಡಗಿ ಕೆಲಸ ಮಾಡುವ ಗಂಡ ಕೂಡ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಿದ್ದ.

ಯುದ್ಧದ ಏಳು ತಿಂಗಳು ಅವಳಿಗಿದ್ದದ್ದು ಒಂದೇ ಕೆಲಸ. ಹೊಳೆಯ ಈಚೆ ಡಿಪೋದಲ್ಲಿ ಟ್ಯಾಂಕರ್ ತುಂಬಿಸಿಕೊಳ್ಳಬೇಕು, ಸೇತುವೆ ದಾಟಬೇಕು, ಆಚೆ ದಂಡೆಯ ಆರು ಠಾಣೆಗಳಿಗೆ ನೀರು ಬಿಟ್ಟು ಕತ್ತಲಾಗುವುದರೊಳಗೆ ಮರಳಬೇಕು. ಸೇತುವೆ ಮುಚ್ಚಿದ ದಿನ ಮಾತ್ರ ಆಚೆಯೇ ಉಳಿದು ಟ್ಯಾಂಕರಿನ ಅಡಿಯಲ್ಲಿ ಮಲಗುತ್ತಿದ್ದಳು.

ಯುದ್ಧ ಮುಗಿದ ಮೇಲೆ ಕಾರ್ಯಾಚರಣೆಯ ಪದಕ ಬಂತು. ಅದಕ್ಕೆ ನಿಯಮ ಹೀಗಿತ್ತು: ಹೊಳೆಯಾಚೆ ಮೂವತ್ತು ರಾತ್ರಿ ಕಳೆದಿರಬೇಕು. ಇಲ್ಲವೆಂದರೆ ಶತ್ರುವಿನ ಗುಂಡು, ಶೆಲ್ಲುಗಳ ಅಡಿಯಲ್ಲಿ ಒಂದು ದಿನ ಕೆಲಸ ಮಾಡಿದ್ದರೂ ಸಾಕು. ಅಲ್ಲಿ ಗಾಯಗೊಂಡವರಿಗೆ ದಿನದ ಲೆಕ್ಕವೇ ಇಲ್ಲ. ಬಂದೂಕು ಹಿಡಿದವರಿಗೆಲ್ಲ ಪದಕ ಸಿಕ್ಕಿತು. ಚಾಲಕರು, ಅಡುಗೆಯವರು, ತಂತಿ ಎಳೆಯುವವರು ಈಚೆ ದಂಡೆಯವರೆಂದು ಬಿಟ್ಟುಹೋದರು. ಅವಳ ಕೈಯಲ್ಲಿ ನೀರು ಕುಡಿದವರು ಎದೆಯ ಮೇಲೆ ಪದಕ ಹಾಕಿಕೊಂಡು ಓಡಾಡಿದರು. ಬಡಿಸಿದವಳಿಗೆ ಎಲೆಯೇ ಇಲ್ಲ ಎಂದು ಅವಳು ನಗುತ್ತಿದ್ದಳು.

ಹನ್ನೊಂದು ವರ್ಷದ ನಂತರ, ಬಿಟ್ಟುಹೋದವರ ಅರ್ಜಿಗಳನ್ನು ಮತ್ತೊಮ್ಮೆ ನೋಡುತ್ತೇವೆ ಎಂದು ಪ್ರಕಟಣೆ ಹೊರಟಿತು. ಅವಳ ನೆನಪಿನ ಪ್ರಕಾರ ಆಚೆ ಕಳೆದ ರಾತ್ರಿ ಮೂವತ್ತೆರಡು. ಅರ್ಜಿ ಹಾಕಿದಳು. ವಿಚಾರಣೆಗೆ ಕರೆ ಬಂದ ದಿನವೇ ಗಂಡ ಪದಕ ತೂಗುಹಾಕಲೆಂದು ನಡುಮನೆಯ ಗೋಡೆಗೆ ಮೊಳೆ ಹೊಡೆದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ ಎಂದು ಅವಳು ಗದರಿದಳು. ಆದರೂ ಅವನು ಮೊಳೆ ಕೀಳಲಿಲ್ಲ.

ರಾತ್ರಿಗಳಿಗೆ ಸಾಕ್ಷಿ ಬೇಕಿತ್ತು. ಅದಕ್ಕೆ ಅವಳು ಕರೆದುಕೊಂಡು ಹೋದದ್ದು ನಿಧಾನಪ್ಪನನ್ನು. ಅದೇ ಟ್ಯಾಂಕರಿನ ಇನ್ನೊಬ್ಬ ಚಾಲಕ; ಅವನು ಗಾಡಿ ಓಡಿಸಿದರೆ ಎತ್ತಿನ ಬಂಡಿಯವರೂ ಹಾರ್ನ್ ಮಾಡುತ್ತಾರೆ ಎಂದು ಡಿಪೋದಲ್ಲಿ ಆಡಿಕೊಳ್ಳುತ್ತಿದ್ದರು. ಯುದ್ಧ ಮುಗಿಯಲು ಹತ್ತೊಂಬತ್ತು ದಿನ ಇರುವಾಗ ಅವನ ಎರಡೂ ಕಿವಿ ಹೋದವು. ಡಿಪೋದಲ್ಲಿ ಗಾಳಿ ತುಂಬುವಾಗ ಟೈರು ಸಿಡಿದು ಹೀಗಾಯಿತೆಂದು ಕಾಗದದಲ್ಲಿತ್ತು. ಸಣ್ಣ ಪಿಂಚಣಿ ಕೊಟ್ಟು ಮನೆಗೆ ಕಳಿಸಿದ್ದರು. ಈಗ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡು, ಎದುರಿಗಿದ್ದವರ ತುಟಿ ನೋಡಿಕೊಂಡು ಬದುಕು ಸಾಗಿಸುತ್ತಿದ್ದ.

ವಿಚಾರಣೆಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ತಗಡಿನ ಪೆಟ್ಟಿಗೆಗಳಿದ್ದವು. ಮೇಜಿನ ಹಿಂದೆ ಒಬ್ಬ ಕರ್ನಲ್, ಪಕ್ಕದಲ್ಲಿ ದಾಖಲೆಯ ಗುಮಾಸ್ತ. ಗುಮಾಸ್ತ ಸೇತುವೆಯ ಕಾವಲಿನವರ ಪುಸ್ತಕ ತೆರೆದು, ಅವಳು ಆಚೆ ಹೋಗಿ ಅಂದೇ ಮರಳದ ದಿನಗಳನ್ನು ಒಂದೊಂದಾಗಿ ಓದಿದ. ಇಪ್ಪತ್ತಾರಕ್ಕೆ ನಿಂತ. ಅವಳು ಇನ್ನೊಮ್ಮೆ ನೋಡಿ ಎಂದಳು. ಅವನು ಬೇಸರಪಡದೆ ಇನ್ನೊಮ್ಮೆ ಓದಿದ. ಇಪ್ಪತ್ತಾರೇ. ಹನ್ನೊಂದು ವರ್ಷ ಮೂವತ್ತೆರಡು ಎಂದು ನಂಬಿಕೊಂಡಿದ್ದು ನಿಯಮದ ಮೂವತ್ತಕ್ಕೆ ನಾಲ್ಕು ರಾತ್ರಿ ಕಡಿಮೆಯಾಗಿ ಕೈಬಿಟ್ಟಿತ್ತು.

ಆಗ ಕರ್ನಲ್ ಇನ್ನೊಂದು ಪುಸ್ತಕ ಎಳೆದುಕೊಂಡರು. ಟ್ಯಾಂಕರಿನ ಲಾಗ್ ಪುಸ್ತಕ.

"ರಾತ್ರಿ ಲೆಕ್ಕ ಯಾಕಮ್ಮ ಹಿಡ್ಕೊಂಡು ಬಂದ್ರಿ? ಅದು ಬೇಕಾಗೇ ಇಲ್ಲ. ಸೇತುವೆ ಮೇಲೆ ಶೆಲ್ ಬಿದ್ದ ದಿನ ಗಾಡಿ ಓಡಿಸಿದ್ದು ನೀವೇ ಅಲ್ವಾ? ನಿಮ್ಮ ಹೆಸರಿದೆ, ಸಹಿ ಇದೆ. ಅದೊಂದು ದಿನ ಸಾಕು. ಇಲ್ಲಿ ಸಹಿ ಮಾಡಿ."

ಬಾಗಿಲ ಬಳಿ ನಿಂತಿದ್ದ ಗಂಡನ ಮುಖ ಅರಳಿತು. ಗುಮಾಸ್ತ ಪೆನ್ನು ಮುಂದೆ ಚಾಚಿದ. ಪೆನ್ನು ತೆಗೆದುಕೊಂಡಳು, ಹಿಡಿದೇ ಕೂತಳು, ಆಮೇಲೆ ಮೇಜಿನ ಮೇಲಿಟ್ಟು ಸ್ವಲ್ಪ ಸಮಯ ಬೇಕು ಎಂದಳು. ಕರ್ನಲ್ ಕನ್ನಡಕದ ಮೇಲಿನಿಂದ ಅವಳನ್ನು ದಿಟ್ಟಿಸಿದರು. ಊಟದ ನಂತರ ಬನ್ನಿ ಎಂದರು.

ಆ ದಿನ ಗಾಡಿ ಓಡಿಸಿದ್ದು ಅವಳಲ್ಲ.

ಅವತ್ತು ಬೆಳಗ್ಗೆ ಲಾಗ್ ಪುಸ್ತಕಕ್ಕೆ ಸಹಿ ಹಾಕಿ ಹತ್ತಿ ಕೂತವಳಿಗೆ ಜ್ವರದ ನಡುಕದಲ್ಲಿ ಕೀಲಿ ತಿರುಗಿಸಲೂ ಆಗಿರಲಿಲ್ಲ. ನಿಧಾನಪ್ಪ ಅವಳನ್ನು ಕೆಳಗಿಳಿಸಿ, ಹೋಗಿ ಮಲಗು ಎಂದು ತಾನು ಹತ್ತಿದ್ದ. ಯಾರ ಅನುಮತಿಯನ್ನೂ ಕೇಳಲಿಲ್ಲ, ಪುಸ್ತಕವನ್ನೂ ತಿದ್ದಲಿಲ್ಲ. ಸೇತುವೆಯ ನಡುವೆ ಅವನಿಂದ ಹತ್ತು ಹೆಜ್ಜೆ ದೂರದಲ್ಲಿ ಶೆಲ್ ಬಿತ್ತು. ಗಾಜೆಲ್ಲ ಒಡೆದುಹೋದ ಗಾಡಿಯನ್ನು ಅವನು ತನ್ನ ನಿಧಾನದಲ್ಲೇ ಆಚೆ ದಾಟಿಸಿ, ಎರಡು ಠಾಣೆಗಳಿಗೆ ನೀರು ಬಿಟ್ಟ. ಮೂರನೆಯ ಠಾಣೆಯವರು ಅವನ ಕಿವಿಯಿಂದ ಕುತ್ತಿಗೆಗೆ ಇಳಿದಿದ್ದ ರಕ್ತ ನೋಡಿ ಕೂರಿಸಿದರು. ಹೇಳದೆ ಕೇಳದೆ ಚಾಲಕ ಬದಲಾದ ಸಂಗತಿ ತನ್ನ ತಲೆಗೆ ಬರುತ್ತದೆಂದು ಹೆದರಿದ ಡಿಪೋ ಮೇಲ್ವಿಚಾರಕ ಟೈರಿನ ಕಥೆ ಕಟ್ಟಿದ. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ನಿಧಾನಪ್ಪ ಅದಕ್ಕೆ ಸಹಿ ಹಾಕಿದ. ಮೇಲ್ವಿಚಾರಕ ಈಗ ಬದುಕಿರಲಿಲ್ಲ. ನಿಜ ಉಳಿದದ್ದು ಇಬ್ಬರಲ್ಲಿ.

ಮೊಗಸಾಲೆಯಲ್ಲಿ ಗಂಡನಿಗೆ ಅದನ್ನು ಮೊದಲ ಸಲ ಹೇಳಿದಳು.

"ನೀನೇನೂ ಕದ್ದಿಲ್ಲ. ಅವರಾಗೇ ಕೊಡ್ತಿದಾರೆ," ಎಂದ.

"ರೀ, ಅವರು ಕೊಡ್ತಿರೋದು ನನಗಲ್ಲ."

ಸಾಕ್ಷಿಗೆ ಕರೆಯುವುದನ್ನು ಕಾಯುತ್ತ ಹೊರಗಿನ ಬೆಂಚಿನಲ್ಲಿ ಕೂತಿದ್ದ ನಿಧಾನಪ್ಪನಿಗೆ ಹೇಳುವುದು ಹೇಗೆ? ಗುಟ್ಟನ್ನು ಕಿವಿಯಲ್ಲಿ ಹೇಳಬೇಕು, ಅವನಿಗೆ ಕಿವಿಯೇ ಇರಲಿಲ್ಲ. ತುಟಿ ನೋಡಿ ಅವನು ತಿಳಿದುಕೊಂಡರೂ, ಉತ್ತರ ಕೊಡುವ ಅವನ ದನಿ ಇಡೀ ಕಟ್ಟಡಕ್ಕೆ ಕೇಳುತ್ತಿತ್ತು. ಕಟ್ಟಡದ ಹಿಂದೆ ಜನರೇಟರ್ ಗುಡುಗುಟ್ಟುವ ಜಾಗಕ್ಕೆ ಅವನನ್ನು ಕೈಹಿಡಿದು ಕರೆದೊಯ್ದು, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಸಹಿ ಹಾಕ್ಬಿಡು," ಎಂದ ಅವನು. "ನನ್ನ ಕಿವಿಯಂತೂ ವಾಪಸ್ ಬರಲ್ಲ. ನಾನು ಸುಳ್ಳಿಗೆ ಸಹಿ ಹಾಕಿದೀನಿ ಅಂತ ಗೊತ್ತಾದ್ರೆ ಪಿಂಚಣಿ ನಿಲ್ಲಿಸ್ತಾರೆ. ಮನೇಲಿ ಐದು ಜನ ಇದೀವಿ."

"ನಿನ್ನ ಗಾಯ ನಾನು ಎದೆ ಮೇಲೆ ಹಾಕ್ಕೊಂಡು ತಿರುಗ್ಲಾ ಅಣ್ಣ?"

ಅವನು ಮುಖ ತಿರುಗಿಸಿದ. ತುಟಿ ನೋಡದಿದ್ದರೆ ಅವನ ಪಾಲಿಗೆ ಮಾತು ಮುಗಿದ ಹಾಗೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವಳು ಒಂದು ದಾರಿ ಹುಡುಕಿಕೊಂಡಳು. ಆ ದಿನದ ಮಾತೇ ಬೇಡ, ಇಪ್ಪತ್ತಾರು ರಾತ್ರಿಗೆ ಏನು ಸಿಗುತ್ತದೋ ಸಿಗಲಿ, ಸಿಗದಿದ್ದರೆ ಮನೆಗೆ ಹೋಗುವುದು. ಊಟದ ನಂತರ ಒಳಗೆ ಹೋಗಿ ಹಾಗೆಯೇ ಹೇಳಿದಳು. ನಿಧಾನಪ್ಪ ಸಾಕ್ಷಿಯ ಕುರ್ಚಿಯಲ್ಲಿ ಕೂತಿದ್ದ. ಕರ್ನಲ್ ಅಷ್ಟಕ್ಕೆ ಬಿಡುವವರಲ್ಲ.

"ಸಹಿ ನಿಮ್ಮದೇ ತಾನೇ?"

"ನನ್ನದೇ ಸರ್."

"ಹಾಗಾದ್ರೆ ಗಾಡಿ ಓಡಿಸಿದ್ದು?"

ನಾನಲ್ಲ ಎಂದಳು. ಮತ್ತೆ ಯಾರು ಎಂಬ ಪ್ರಶ್ನೆಗೆ ಬಾಯಿ ಬಿಡಲಿಲ್ಲ. ಯುದ್ಧಕಾಲದಲ್ಲಿ ಸುಳ್ಳು ದಾಖಲೆ ಮಾಡುವುದು ಅಪರಾಧ, ಸೈನ್ಯ ಬಿಟ್ಟರೂ ಅದು ಬಿಡುವುದಿಲ್ಲ, ಈಗಿನ ಸರ್ಕಾರಿ ಕೆಲಸಕ್ಕೂ ಕುತ್ತು ಬರಬಹುದು ಎಂದು ಕರ್ನಲ್ ದನಿ ಏರಿಸದೆ ವಿವರಿಸಿದರು. ಹೆಸರು ಹೇಳಿ ಎಂದರು. ಫ್ಯಾನು ಕಟಕಟ ಸದ್ದು ಮಾಡುತ್ತ ತಿರುಗುತ್ತಿತ್ತು. ಅವಳು ಎರಡೂ ಕೈಗಳಿಂದ ಮೇಜಿನ ಅಂಚು ಹಿಡಿದುಕೊಂಡು ನಿಂತಳು. ಕರ್ನಲ್ ಪೆನ್ನಿನ ಮುಚ್ಚಳ ತೆಗೆದು ಅವಳ ಅರ್ಜಿಯ ಮೇಲೆ ಬರೆಯತೊಡಗಿದರು.

ನಿಧಾನಪ್ಪನಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಕರ್ನಲ್ ಪುಸ್ತಕದ ಮೇಲೆ ತಲೆ ತಗ್ಗಿಸಿಯೇ ಮಾತಾಡಿದ್ದರಿಂದ ತುಟಿಯೂ ಕಂಡಿರಲಿಲ್ಲ. ಅವನು ಅವಳ ಬೆಳ್ಳಗಾದ ಬೆರಳುಗಳನ್ನೂ ಓಡುತ್ತಿದ್ದ ಪೆನ್ನನ್ನೂ ನೋಡಿದ. ಎದ್ದು ನಿಂತ.

"ಅವತ್ತು ಸ್ಟಿಯರಿಂಗ್ ಹಿಡಿದಿದ್ದು ನಾನು," ಎಂದ. ಹೊರಗಿನ ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ದೊಡ್ಡ ದನಿ. "ಅವಳಿಗೆ ಜ್ವರ ಇತ್ತು, ನಾನೇ ಇಳಿಸ್ದೆ. ಟೈರು ಗೀರು ಏನೂ ಸಿಡಿದಿಲ್ಲ."

ಕರ್ನಲ್ ಪೆನ್ನು ಕೆಳಗಿಟ್ಟರು. ಬಾಗಿಲು ಮುಚ್ಚಿಸಿದರು. ಒಂದು ಹಾಳೆಯ ಮೇಲೆ ಪ್ರಶ್ನೆ ಬರೆದು ಬರೆದು ಅವನ ಮುಂದೆ ಸರಿಸಿದರು. ಅವನು ಗಟ್ಟಿಯಾಗಿ ಉತ್ತರ ಹೇಳುತ್ತ ಹೋದ. ಆಧಾರ ಏನಿದೆ ಎಂಬ ಪ್ರಶ್ನೆಗೆ ಮಾತ್ರ ಅವನು ತಡವರಿಸಿದ. ಶೆಲ್ಲಿನ ಗದ್ದಲದಲ್ಲಿ ಆ ದಿನ ಸೇತುವೆಯ ಕಾವಲಿನ ಪುಸ್ತಕ ಬರೆದಿರಲಿಲ್ಲ. ನೆನಪಾದದ್ದು ಅವಳಿಗೆ. ನೀರು ಪಡೆದ ಠಾಣೆಯವರು ಪ್ರತಿ ಸಲ ಚೀಟಿ ಬರೆಯುತ್ತಿದ್ದರು, ಅದರ ಕೆಳಗೆ ಚಾಲಕ ಸಹಿ ಹಾಕಬೇಕಿತ್ತು. ಆ ಚೀಟಿಗಳು ಎಲ್ಲಿವೆ ಎಂದು ಕರ್ನಲ್ ಕೇಳಿದಾಗ ಗುಮಾಸ್ತ ಗೋಡೆಯುದ್ದದ ಪೆಟ್ಟಿಗೆಗಳ ಕಡೆ ನೋಡಿ ನಿಟ್ಟುಸಿರು ಬಿಟ್ಟ.

ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ಕಾಲ ನಿಧಾನಪ್ಪನ ಪಿಂಚಣಿ ತಡೆಹಿಡಿದರು. ಅವನ ಹೆಂಡತಿ ನೀರಕ್ಕನ ಜೊತೆ ಮಾತು ಬಿಟ್ಟಳು. ಒಂದು ದಿನ ನೀರಕ್ಕ ಅಕ್ಕಿ, ಬೇಳೆ ಹಿಡಿದುಕೊಂಡು ಅವರ ಮನೆಗೆ ಹೋದಾಗ ಬಾಗಿಲು ತೆರೆದ ಅವಳು ಚೀಲ ಮುಟ್ಟಲಿಲ್ಲ.

"ನಿನ್ನ ಮನಸ್ಸು ಹಗುರಾಯ್ತು. ನಮ್ಮ ಒಲೆ ಆರ್ತಾ ಇದೆ."

ನೀರಕ್ಕ ಚೀಲವನ್ನು ಹೊಸ್ತಿಲ ಪಕ್ಕ ಇಟ್ಟು ಬಂದಳು. ಬಾಗಿಲಲ್ಲಿ ಅಂಚೆಯವನು ಕಂಡರೆ ಸೈನ್ಯದ ಕಾಗದವೇನಾದರೂ ಇದೆಯೇ ಎಂದು ಕೇಳುತ್ತಿದ್ದಳು. ಸುಮ್ಮನೆ ಸಹಿ ಹಾಕಿದ್ದರೆ ಯಾರಿಗೇನು ನಷ್ಟವಿತ್ತು ಎಂದು ಗಂಡ ಎರಡು ಸಲ ಕೇಳಿದ. ಎರಡನೆಯ ಸಲ ಅವಳು ಅತ್ತಳು. ಮತ್ತೆ ಅವನು ಕೇಳಲಿಲ್ಲ.

ಕೊನೆಗೆ ದಾಖಲೆಯ ಗುಮಾಸ್ತನೇ ಒಂದು ಸಂಜೆ ಗ್ಯಾರೇಜಿನ ಗೇಟಿಗೆ ಬಂದು ಹೇಳಿದ. ಎರಡು ಚೀಟಿ ಸಿಕ್ಕಿದ್ದವು. ಎರಡರ ಮೇಲೂ ಅದೇ ತಾರೀಖು, ನಿಧಾನಪ್ಪನ ಸಹಿ, ಒಂದರ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಕಲೆ. ಆಸ್ಪತ್ರೆಯಲ್ಲಿ ಪ್ರಜ್ಞೆ ಸರಿಯಿಲ್ಲದಾಗ ಹಾಕಿಸಿಕೊಂಡ ಸಹಿಗೆ ಅವನನ್ನು ದೂರಲಾಗದು ಎಂದು ಕರ್ನಲ್ ಬರೆದಿದ್ದರು. ಅವನದು ಯುದ್ಧದ ಗಾಯವೆಂದು ದಾಖಲಾಯಿತು. ತಡೆದಿದ್ದ ಪಿಂಚಣಿ ಬಂತು, ಹೆಚ್ಚೂ ಆಯಿತು. ಪದಕ ಮಂಜೂರಾಯಿತು.

ಅವಳಿಗೂ ಒಂದು ಲಕೋಟೆ ಬಂತು. ತಾನು ಓಡಿಸದ ಗಾಡಿಗೆ ಹಾಕಿದ ಸಹಿಯನ್ನು ತಿದ್ದದೆ ಬಿಟ್ಟದ್ದಕ್ಕೆ ಲಿಖಿತ ಎಚ್ಚರಿಕೆ, ಜೊತೆಗೆ ನಾಲ್ಕು ರಾತ್ರಿ ಕಡಿಮೆ ಇರುವುದರಿಂದ ಅರ್ಜಿ ತಿರಸ್ಕೃತ. ಪದಕ ತರ್ತೀನಿ ಅಂತ ಹೋದವಳು ಬೈಗುಳ ತಂದಳು ಎಂದು ಗಂಡ ತಮಾಷೆ ಮಾಡಿದ.

ಪದಕ ಕೊಡುವ ದಿನ ನಿಧಾನಪ್ಪನ ಹೆಂಡತಿಯೇ ಬಂದು ಕರೆದಳು. ಕ್ಷಮೆಯ ಮಾತೇನೂ ಆಡಲಿಲ್ಲ. ನೀನು ಬರದಿದ್ದರೆ ಅವರು ಹೊರಡಲ್ಲ ಅಂತಿದಾರೆ ಎಂದಷ್ಟೇ ಹೇಳಿದಳು. ಮೈದಾನದಲ್ಲಿ ಹೆಂಗಸರಿಬ್ಬರೂ ಅಕ್ಕಪಕ್ಕ ಕೂತರು. ಅವನ ಎದೆಗೆ ಪದಕ ಚುಚ್ಚುವುದನ್ನು ನೋಡುವಾಗ ನೀರಕ್ಕನಿಗೆ ಕಣ್ಣು ತುಂಬಿತು. ಹೊಟ್ಟೆಕಿಚ್ಚೂ ಆಯಿತು. ಅದನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ. ತನಗೂ ಬೇಕಿತ್ತು ಎಂದು ವಾಪಸ್ ಬರುವಾಗ ಅವನ ಎದುರಿಗೇ, ಅವನಿಗೆ ತುಟಿ ಕಾಣುವ ಹಾಗೆ ಹೇಳಿದಳು. ಅವನು ತಲೆಯಾಡಿಸಿದ.

ಆ ವಾರವೇ ಅವಳು ಇನ್ನೊಂದು ಅರ್ಜಿ ಬರೆದಳು. ದಿನಾ ಹೋಗಿ ದಿನಾ ಬಂದವರ ಹಗಲನ್ನೂ ಲೆಕ್ಕಕ್ಕೆ ಹಿಡಿಯಬೇಕು, ಶೆಲ್ ಬೀಳಲು ರಾತ್ರಿಯೇ ಆಗಬೇಕೆಂದಿಲ್ಲ ಎಂದು. ತನ್ನ ಹೆಸರಿನ ಕೆಳಗೆ ಇನ್ನೂ ಹದಿನಾಲ್ಕು ಚಾಲಕರ ಸಹಿ ಹಾಕಿಸಿದಳು, ಒಬ್ಬೊಬ್ಬರ ಮನೆಗೂ ತಾನೇ ಹೋಗಿ. ಅರ್ಜಿ ತಲುಪಿದೆ, ಪರಿಶೀಲನೆಯಲ್ಲಿದೆ ಎಂದು ಎರಡು ವರ್ಷದಲ್ಲಿ ಮೂರು ಕಾಗದ ಬಂದಿವೆ. ಮೂರನೆಯದು ಬಂದ ದಿನ ಅವಳು ಒಂದು ಲಾರಿಯ ಕೆಳಗೆ ಮಲಗಿ ಗೇರ್‌ಬಾಕ್ಸ್ ಇಳಿಸುತ್ತಿದ್ದಳು. ಕಾಗದಕ್ಕೆ ಎಣ್ಣೆಗೈ ಅಂಟದಂತೆ ಗ್ಯಾರೇಜಿನ ಗುಮಾಸ್ತನ ಹತ್ತಿರವೇ ಓದಿಸಿ ಕೇಳಿ, ನಾಳೆಯೇ ನೆನಪೋಲೆ ಬರೆಯಬೇಕು ಎಂದು ಹೇಳಿ ಮತ್ತೆ ಲಾರಿಯ ಕೆಳಗೆ ಸರಿದಳು.