ನೀಲವ್ವತ್ತಿ ಬಿಟ್ಟ ನುಡಿ

ಮೊನ್ನೆ ಜಮಖಂಡಿಯ ಕಾಲೇಜಿನ ಹುಡುಗಿಯೊಬ್ಬಳು ಹಳೆಯ ಹಾಡು ಕೇಳಬೇಕೆಂದು ಬನಹಟ್ಟಿಗೆ, ನಮ್ಮ ಮನೆಗೆ ಬಂದಿದ್ದಳು. ಮೊಬೈಲನ್ನು ನನ್ನ ಎಲೆಅಡಿಕೆ ತಟ್ಟೆಯ ಪಕ್ಕದಲ್ಲಿಟ್ಟು, ಪೆನ್ನು ತೆರೆದು ಕುಳಿತಳು. ಅಷ್ಟರಲ್ಲಿ ಓಣಿಯ ತುದಿಯ ಮದುವೆ ಮನೆಯಲ್ಲಿ ಡಿಜೆ ಶುರುವಾಯಿತು. ನಮ್ಮ ಕಿಟಕಿಯ ಗಾಜೆಲ್ಲ ಗಡಗಡ. ಹಾಡಿನಲ್ಲಿ ಯಾವಳದೋ ಸೊಂಟ, ಯಾವನದೋ ಕಣ್ಣು. ಹುಡುಗಿ ಮುಖ ಕಿವುಚಿಕೊಂಡು, "ಈಗಿನ ಹಾಡು ಭಾಳ ಹೊಲಸು ಅದಾವ ನೋಡ್ರಿ ಅಜ್ಜಿ. ನಿಮ್ಮ ಕಾಲದ್ದು ಎಷ್ಟ ಪವಿತ್ರ ಇದ್ದುವು!" ಅಂದಳು.

ನನಗೆ ಎಂಥ ನಗು ಬಂತೆಂದರೆ, ಬಾಯಲ್ಲಿದ್ದ ಅಡಿಕೆ ನೆತ್ತಿಗೇರಿತು. ಆ ಹುಡುಗಿಯೇ ನೀರು ತಂದು ಕೊಟ್ಟು ಬೆನ್ನು ಸವರಬೇಕಾಯಿತು.

ಪವಿತ್ರವಂತೆ! ನಾನು ಮೂವತ್ತು ವರ್ಷ ಸಾಲಿ ಕಲಿಸಿದವಳು. ಬರೆಯುವಾಗ ನೆಟ್ಟಗೆ ಬರೆಯುತ್ತೇನೆ. ಸಿಟ್ಟು ಬಂದಾಗ ಮಾತ್ರ ನನ್ನೊಳಗಿನ ಬನಹಟ್ಟಿ ಬಾಯಿ ತೆರೆಯುತ್ತದೆ. ಈ 'ಪವಿತ್ರ' ಅನ್ನುವ ಮಾತಿಗೆ ನನಗೆ ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ. ಕಾಮನ ಹುಣ್ಣಿಮೆಗೆ ನಮ್ಮ ಓಣಿಯ ಗಂಡಸರು ಹಲಗೆ ಬಾರಿಸುತ್ತ ಹಾಡುತ್ತಿದ್ದುದನ್ನು ಆ ಹುಡುಗಿ ಕೇಳಿದ್ದರೆ ಇವತ್ತಿನ ಡಿಜೆಗೆ ಕೈ ಮುಗಿಯುತ್ತಿದ್ದಳು. ಗಂಡಸರದ್ದು ಬಿಡಿ, ನಮ್ಮದೇನು ಕಡಿಮೆ ಇತ್ತೇ? ಬೀಸುಕಲ್ಲಿನ ಮುಂದೆ ಕುಳಿತು, ಗಂಡ ಹೊಡೆದ ಪೆಟ್ಟನ್ನು, ಬಳೆ ತೊಡಿಸಿದನೇನೋ ಎಂಬಂತೆ ಹೊಗಳಿ ಹಾಡುತ್ತಿದ್ದೆವು. ಕಪ್ಪು ಬಣ್ಣದ ಸೊಸೆಯನ್ನು ಕಾಗೆಗೆ ಹೋಲಿಸುತ್ತಿದ್ದೆವು. ಜಾತಿ ಎತ್ತಿ ಆಡಿದ ನುಡಿಗಳೂ ಇದ್ದವು. ಅವುಗಳನ್ನು ಇಲ್ಲಿ ಬರೆಯಲಿಕ್ಕೆ ನನ್ನ ಕೈ ಏಳುವುದಿಲ್ಲ. ರಾಗ ಚಂದ ಇತ್ತು, ಹಾಡುತ್ತಿದ್ದೆವು. ಅರ್ಥದ ಕಡೆ ಯಾರ ಕಿವಿಯೂ ಇರಲಿಲ್ಲ.

ಯಾರ ಕಿವಿಯೂ ಅಂದೆನಲ್ಲ, ಅದು ತಪ್ಪು. ಒಬ್ಬಳ ಕಿವಿ ಇತ್ತು. ನಮ್ಮ ನೀಲವ್ವತ್ತಿಯದು.

ನೀಲವ್ವತ್ತಿ ನಮ್ಮಪ್ಪನ ಅಕ್ಕ. ತೇರದಾಳಕ್ಕೆ ಕೊಟ್ಟಿದ್ದರು. ಏಳು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಮನೆ ತುಂಬಿಸಿಕೊಂಡ. ಅತ್ತಿ ಒಂದು ಟ್ರಂಕು ಹಿಡಿದುಕೊಂಡು ತವರಿಗೆ ಬಂದುಬಿಟ್ಟಳು. ಅದೇ ವರ್ಷ ನನ್ನನ್ನು ಹಡೆದು ನಮ್ಮವ್ವ ತೀರಿಕೊಂಡಿದ್ದಳಂತೆ. ನಾನು ಕೈಗೂಸು, ಅಕ್ಕ ಶಾಂತಾ ನಾಲ್ಕು ವರ್ಷದವಳು. ಅತ್ತಿ ಟ್ರಂಕು ಕೆಳಗಿಟ್ಟು ನನ್ನನ್ನು ಎತ್ತಿಕೊಂಡಳಂತೆ. ಆ ಟ್ರಂಕು ಇನ್ನೂ ನಮ್ಮ ಅಟ್ಟದ ಮೇಲಿದೆ.

ಅಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಅತ್ತಿ ರಾಟಿ ತಿರುವಿ ಅವನಿಗೆ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ಮಗ್ಗದ ಲಟಕ್ ಲಟಕ್, ರಾಟಿಯ ಗುಂಯ್, ಇವೆರಡರ ನಡುವೆ ಅವಳ ಹಾಡು. ಅಂಥ ದನಿಯನ್ನು ನಾನು ಆಮೇಲೆ ರೇಡಿಯೋದಲ್ಲೂ ಕೇಳಿಲ್ಲ. ಇದನ್ನು ನಾನು ಅಭಿಮಾನಕ್ಕೇ ಹೇಳುತ್ತಿದ್ದೇನೆ, ಬೇಕಾದರೆ ನಗಿರಿ. ಬನಹಟ್ಟಿ, ರಬಕವಿ ಎರಡೂ ಊರಿನಲ್ಲಿ ಮದುವೆ ಗೊತ್ತಾದರೆ ಮೊದಲು ಅವಳಿಗೇ ಎಲೆಅಡಿಕೆ ಬರುತ್ತಿತ್ತು. ಅವಳು ಮುಂದೆ ಹಾಡಬೇಕು, ಉಳಿದವರು ಹಿಂದೆ ಎತ್ತಿಕೊಳ್ಳಬೇಕು. ಹದಿನಾಲ್ಕನೆಯ ವಯಸ್ಸಿಗೆಲ್ಲ ನಾನೂ ಅವಳ ಬಲಗಡೆ ಕೂತು ದನಿ ಕೂಡಿಸತೊಡಗಿದ್ದೆ. ಸೊಕ್ಕು ಅಂದರೆ ಸೊಕ್ಕು ನನಗೆ!

ಆಗ ಸಂಸ್ಥಾನಗಳು ಹೋಗಿ ನಾವು ಮುಂಬೈ ರಾಜ್ಯದವರಾಗಿ ಕೆಲವು ವರ್ಷಗಳಾಗಿದ್ದವು. ರಾಜರು ಹೋದರೂ ಮದುವೆಯ ಕಾಯ್ದೆ ಬದಲಾಗಿರಲಿಲ್ಲ. ಮದುವೆಯ ಮರುದಿನ ಬೀಗರ ಊಟ. ಗಂಡಿನವರು ಸಾಲಾಗಿ ಎಲೆಯ ಮುಂದೆ ಕೂಡಬೇಕು, ಹೆಣ್ಣಿನ ಕಡೆಯ ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ಕೂತು ಅವರನ್ನು ಬೈದು ಹಾಡಬೇಕು. ಗಂಡಿನ ಕಡೆಯ ಹೆಂಗಸರು ನುಡಿಗೆ ನುಡಿ ತಿರುಗಿ ಹಾಡಬೇಕು. ಯಾರ ನುಡಿ ಮೊದಲು ಮುಗಿಯುತ್ತದೋ ಅವರು ಸೋತಂತೆ. ಸೋತವರನ್ನು ವರ್ಷವಿಡೀ ಆಡಿಕೊಳ್ಳುತ್ತಿದ್ದರು. ಬೈಗುಳಕ್ಕೆ ಯಾರೂ ಸಿಟ್ಟಾಗುವಂತಿಲ್ಲ. ಆದರೆ ಯಾರಾದರೂ ಎಲೆ ಬಿಟ್ಟು ಎದ್ದರೆ ಅಲ್ಲಿಗೆ ಬೀಗತನ ಮುರಿಯಿತು. ಹೆಣ್ಣು ತವರಲ್ಲೇ ಉಳಿದಳು ಅಂತಲೇ ತಿಳಿಯಿರಿ.

ನೀಲವ್ವತ್ತಿ ಬೀಗರ ಹಾಡು ಶುರು ಮಾಡಿದರೆ ಹೀಗಿರುತ್ತಿತ್ತು:

ಬೀಗರು ಬಂದಾರ ಮೀಸೀಯ ತಿರುವೂತ
ಊರಾಗ ನಿಂತಾರ ಹುಲಿಯಂಗ / ತಂಗೆವ್ವ
ಹೋಳಿಗಿ ಕಂಡಾರ ತ್ವಾಳಂಗ

ಇಂಥವು ಇಪ್ಪತ್ತೋ ಮೂವತ್ತೋ ಇದ್ದವು. ಅವುಗಳ ನಡುವೆ ಒಂದು ನುಡಿಯನ್ನು ಮಾತ್ರ ಅತ್ತಿ ಯಾವಾಗಲೂ ಹಾರಿಸಿಬಿಡುತ್ತಿದ್ದಳು. ಓಣಿಯ ಮುದುಕಿಯರೆಲ್ಲ ಅದನ್ನು ಹಾಡುತ್ತಿದ್ದರು, ನನಗೆ ಅದು ಬಾಯಿಪಾಠವಾಗಿತ್ತು. ನೀಲವ್ವತ್ತಿಗೆ ಮಾತ್ರ ಅದು ನೆನಪಿಗೇ ಬರುತ್ತಿರಲಿಲ್ಲ. 'ಪಾಪ, ನಮ್ಮತ್ತಿಗೆ ಮರೆವು ಶುರುವಾಯಿತು' ಅಂದುಕೊಂಡಿದ್ದೆ. ಹದಿನಾರು ವರ್ಷದವಳ ಶಾಣ್ಯಾತನ ಅಷ್ಟೇ ಇರುತ್ತದೆ.

ಅದೇ ವರ್ಷ ಶಾಂತಕ್ಕನ ಮದುವೆಯಾಯಿತು. ಗಂಡಿನವರು ಮುಧೋಳದವರು. ಮರುದಿನ ಮಧ್ಯಾಹ್ನ ಬೀಗರ ಊಟ. ನಮ್ಮ ಮನೆಯದೇ ಮದುವೆ, ನಮ್ಮತ್ತಿಯದೇ ಹಾಡು. ಮುಧೋಳದವರೇನು ಕಡಿಮೆಯವರಲ್ಲ, ನುಡಿಗೆ ನುಡಿ ಹೊಡೆಯುತ್ತಿದ್ದರು. ಹಾಡುತ್ತ ಹಾಡುತ್ತ ಆ ಜಾಗ ಬಂತು. ಅತ್ತಿ ಎಂದಿನಂತೆ ಹಾರಿಸಲಿಕ್ಕೆ ಒಂದು ಉಸಿರು ನಿಂತಳು. ಗಂಡಿನ ಸೋದರಮಾವನ ಹೆಂಡತಿ ಆ ಕಡೆಯಿಂದ, "ಯಾಕ್ರಿ, ಬನಹಟ್ಟಿ ನೂಲು ತೀರಿತೇನ್ರಿ?" ಅಂದುಬಿಟ್ಟಳು. ಮುಧೋಳದವರೆಲ್ಲ ಹೋ ಅಂತ ನಕ್ಕರು.

ನನ್ನ ಮೈ ಉರಿಯಿತು. ನಮ್ಮತ್ತಿ ಸೋಲುವುದೇ! ನಾನೇ ದನಿ ಎತ್ತಿದೆ:

ಬೀಗಿತಿ ಬಂದಾಳ ಬೀಗೂತ ಬಾಗೂತ
ಬರಿಮಡಿಲ ಹೊತ್ತು ಕುಂತಾಳ / ಬಂಜೆವ್ವ
ತೊಟ್ಟಿಲಕ ಮುಖ ತೋರಬ್ಯಾಡ

ಹಿಂದೆ ಎತ್ತಿಕೊಳ್ಳಬೇಕಾದವರು ಯಾರೂ ಎತ್ತಿಕೊಳ್ಳಲಿಲ್ಲ. ಸಾಲಿನ ಕೊನೆಯಲ್ಲಿ, ಸೆರಗು ಮುಂದೆ ಎಳೆದುಕೊಂಡು ಗಂಡಿನ ಅಕ್ಕ ಕಾಶವ್ವ ಕೂತಿದ್ದಳು. ಮದುವೆಯಾಗಿ ಹತ್ತು ವರ್ಷ, ಮಕ್ಕಳಿರಲಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಹೋಳಿಗೆ ಮುರಿಯುತ್ತಿದ್ದ ಅವಳ ಕೈ ನಿಂತಿತು. ಎಡಗೈ ನೆಲಕ್ಕೆ ಊರಿ ಏಳಲಿಕ್ಕೆ ಹೊರಟಳು. ಗಂಡಿನ ಅಪ್ಪ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು, "ನನ್ನ ಮಗಳು ಎದ್ದಳಂದ್ರ ನಾವೂ ಎದ್ದಿವಿ" ಅಂದರು. ಅಪ್ಪ ತುಪ್ಪದ ತಂಬಿಗೆ ಹಿಡಿದು ಅಲ್ಲೇ ನಿಂತುಬಿಟ್ಟ. ಒಳಗಿನ ಕೋಣೆಯಲ್ಲಿ ಶಾಂತಕ್ಕ ಹೊಸ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡದ್ದು ನನಗೆ ಕಾಣಿಸಿತು. ಅವಳ ಬಾಳ್ವೆ ನನ್ನ ಬಾಯಿಂದ ಹೋಯಿತು ಅಂದುಕೊಂಡೆ. ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸಿತು.

ಶುರುಮಾಡಿದ ಹಾಡನ್ನು ಮದುವೆ ಮನೆಯಲ್ಲಿ ಅರ್ಧಕ್ಕೆ ಬಿಡಬಾರದು. ಅದೂ ಒಂದು ಕಾಯ್ದೆ. ನೀಲವ್ವತ್ತಿ ಎದ್ದಳು. ಬಾಗಿಲಲ್ಲಿ ಕೂತೇ ಹಾಡಬೇಕಾದವಳು ಎಲೆಗಳ ಸಾಲಿನ ನಡುವೆ ನಡೆದು ಹೋಗಿ, ಕಾಶವ್ವನ ಎದುರಿಗೆ ನೆಲದ ಮೇಲೆ ಕೂತಳು. ಅದೇ ರಾಗದಲ್ಲಿ, ಒಂದು ಎಳೆ ಕೂಡ ತಪ್ಪದಂತೆ ಹಾಡಿದಳು:

ಬಂಜೆಂದು ಬೈದಾರ ನನಗೂನು ನಾಕ ಮಂದಿ
ಎರಡ್ಹೆಣ್ಣ ಬೆಳಸೇನಿ ಮಡಿಲಾಗ / ತಂಗೆವ್ವ
ಅತ್ತೀಯ ಮಡಿಲ ಬರಿದಲ್ಲ

ಎಂದೂ ಕೇಳಿರದ ನುಡಿ. ಹಿಂದೆ ಎತ್ತಿಕೊಳ್ಳುವವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವಳು ಯಾರಿಗೂ ಕಾಯಲಿಲ್ಲ. ಕಾಶವ್ವನ ಗದ್ದ ಹಿಡಿದು ಮುಖ ಮೇಲೆತ್ತಿ, ಇನ್ನೊಂದು ಹಾಡಿದಳು:

ಕೂಸೀಗಿ ಹೆಸರಿಡಾಕ ಹಡದಾಕಿ ಸಾಲೂದಿಲ್ಲ
ಅತ್ತೆವ್ವ ನೀನ ಕರಿಬೇಕ / ನಮ ಮನಿಯ
ತೊಟ್ಟೀಲ ನಿನ್ನ ಕಾದೈತಿ

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಕರೆಯುವವಳು ಸೋದರತ್ತೆ. ಆದರೆ ಮಕ್ಕಳಿಲ್ಲದ ಸೋದರತ್ತೆಯನ್ನು ಏನಾದರೂ ನೆಪ ಹೇಳಿ ಹಿಂದೆ ಸರಿಸುತ್ತಿದ್ದರು. ನೀಲವ್ವತ್ತಿ ಎರಡೂ ಊರಿನ ಮುಂದೆ, ಹಾಡಿನಲ್ಲಿ ಮಾತು ಕೊಟ್ಟುಬಿಟ್ಟಿದ್ದಳು. ಹಾಡಿನಲ್ಲಿ ಕೊಟ್ಟ ಮಾತಿನಿಂದ ಹಿಂದೆ ಸರಿಯಲು ಬರುವುದಿಲ್ಲ. ಕಾಶವ್ವ ಊರಿದ್ದ ಎಡಗೈಯನ್ನು ನೆಲದಿಂದ ತೆಗೆದಳು. ಅದರಿಂದಲೇ ಕಣ್ಣೊರೆಸಿಕೊಂಡು, "ಬರ್ತೀನ್ರಿ" ಅಂದಳು. ಅಷ್ಟೇ. ಗಂಡಿನ ಅಪ್ಪ ನಮ್ಮಪ್ಪನ ಕಡೆ ತಿರುಗಿ, "ಏನ್ರಿ ಬೀಗರ, ತುಪ್ಪ ಕೈಯಾಗ ಹಿಡಕೊಂಡ ನಿಂತೀರಿ, ಇಲ್ಲಿ ಹೋಳಿಗಿ ಒಣಗಾಕತ್ತಾವು" ಅಂದರು. ಆಗ ಎಲ್ಲರೂ ನಕ್ಕ ನಗು ಮಾಳಿಗೆ ಹಾರಿಸುವಂತಿತ್ತು. ನಾನು ಮಾತ್ರ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಕೂತಿದ್ದೆ.

ಬೀಗರು ಹೋದ ಮೇಲೆ ಅತ್ತಿ ಏನೂ ಆಗದವಳಂತೆ ರಾಟಿಯ ಮುಂದೆ ಕೂತಳು. ನಾನು ಹೋಗಿ ಕಾಲಬುಡದಲ್ಲಿ ಕೂತೆ. "ತಪ್ಪಾತಬೇ ಅತ್ತಿ. ನಿನಗ ಮರತೈತಿ ಅಂತ ತಿಳಿದು ನಾ ಹಾಡಿದೆ" ಅಂದೆ.

ಅವಳು ರಾಟಿ ನಿಲ್ಲಿಸಲಿಲ್ಲ. "ಮರತಿದ್ದಿಲ್ಲವ್ವಾ. ಬಿಟ್ಟಿದ್ದೆ."

ಆಗ ನನಗೆ ಹೊಳೆಯಿತು. ನಾನು ಆ ನುಡಿಯನ್ನು ಒಬ್ಬಳ ಮುಂದೆ ಹಾಡಿರಲಿಲ್ಲ, ಇಬ್ಬರ ಮುಂದೆ ಹಾಡಿದ್ದೆ. ಅತ್ತಿಯನ್ನು ಜನ ಬಂಜೆ ಅನ್ನುತ್ತಿದ್ದರು ಅನ್ನುವುದು ಅಲ್ಲಿಯವರೆಗೆ ನನ್ನ ತಲೆಗೇ ಬಂದಿರಲಿಲ್ಲ. ಹೇಗೆ ಬಂದೀತು? ಅವಳ ಮಡಿಲಲ್ಲಿ ನಾನೇ ಇದ್ದೆನಲ್ಲ. ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಇನ್ನು ಮೇಲೆ ಹಾಡೇ ಹಾಡುವುದಿಲ್ಲ ಅಂದೆ.

"ಯಾಕ ಹಾಡೂದಿಲ್ಲ?" ಅಂದಳು ಅತ್ತಿ. "ಮಗ್ಗದಾಗ ಎಳಿ ಹರದರ ನಿಮ್ಮಪ್ಪ ಸೀರಿ ಒಗೀತಾನೇನ? ಗಂಟ ಹಾಕಿ ಮುಂದ ನೇಯ್ತಾನ. ಏಳು, ಆ ನೂಲು ಇತ್ತ ಕೊಡು."

ಮರುವರ್ಷ ಶಾಂತಕ್ಕ ಹೆಣ್ಣು ಹಡೆದಳು. ಕಾಶವ್ವ ಮುಧೋಳದ ಬಸ್ಸಿನಲ್ಲಿ ಬಂದಿಳಿದಾಗ, ಅತ್ತಿ ಎದುರು ಹೋಗಿ ಕೈ ಹಿಡಿದು ಕರೆತಂದಳು. ಕೂಸಿನ ಕಿವಿಯಲ್ಲಿ ನಮ್ಮವ್ವನ ಹೆಸರನ್ನು ಮೂರು ಸಲ ಕರೆದವಳು ಕಾಶವ್ವನೇ. ಹೆಸರು ಕರೆದ ಅತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ನಮ್ಮಲ್ಲಿ ಪದ್ಧತಿ. ಅವತ್ತು ಅವಳ ಬೆನ್ನಿಗೆ ಬಿದ್ದಷ್ಟು ಗುದ್ದು ನಾನು ಎಲ್ಲೂ ಕಂಡಿಲ್ಲ. ಅವಳು ತೊಟ್ಟಿಲ ಹಗ್ಗ ಹಿಡಿದುಕೊಂಡು, ನಗುತ್ತ, "ಇನ್ನಷ್ಟ ಗುದ್ರಿ, ಇನ್ನಷ್ಟ ಗುದ್ರಿ" ಅನ್ನುತ್ತಿದ್ದಳು.

ಅಲ್ಲಿಂದ ನಮ್ಮ ಓಣಿಯಲ್ಲಿ ಆ ಕೆಟ್ಟ ನುಡಿಯ ಜಾಗದಲ್ಲಿ ಅತ್ತಿಯ ಎರಡು ನುಡಿ ಬಂದು ಕೂತವು. ಹತ್ತು ವರ್ಷದ ಮೇಲೆ ನಾನು ಬೀಳಗಿಯ ಸಾಲಿಗೆ ವರ್ಗವಾಗಿ ಹೋದಾಗ, ಅಲ್ಲಿಯ ಒಂದು ಮದುವೆಯಲ್ಲಿ ಗುರುತಿಲ್ಲದ ಹೆಂಗಸರು 'ಅತ್ತೀಯ ಮಡಿಲ ಬರಿದಲ್ಲ' ಅಂತ ಹಾಡುತ್ತಿದ್ದರು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಊಟ ಸೇರಲಿಲ್ಲ. ಪಕ್ಕದವಳಿಗೆ, "ಇದು ನಮ್ಮತ್ತಿ ಕಟ್ಟಿದ್ದು" ಅಂದೆ. ಅವಳು, "ಹೌದೇನ್ರಿ? ಇದು ನಮ್ಮಜ್ಜಿ ಕಾಲದಿಂದ ಐತ್ರಿ" ಅಂದು ಪಲ್ಲೆ ಬಡಿಸಿಕೊಂಡಳು. ಆ ಕಥೆಯನ್ನು ಅಲ್ಲೇ ಅವಳಿಗೆ ಪೂರಾ ಹೇಳಿದೆ. ಆಮೇಲೂ ಎಷ್ಟೋ ಕಡೆ ಹೇಳಿದ್ದೇನೆ. ಹೇಳುವಾಗೆಲ್ಲ, ಆ ಕೆಟ್ಟ ನುಡಿ ಎತ್ತಿದವಳನ್ನು "ಯಾರೋ ಒಬ್ಬಾಕಿ ಹುಡುಗಿ" ಅಂದು ಮುಂದೆ ಹೋಗುತ್ತಿದ್ದೆ.

ಮೊನ್ನೆ ಆ ಕಾಲೇಜಿನ ಹುಡುಗಿಗೂ ಕಥೆಯನ್ನು ಹಾಗೆಯೇ ಹೇಳಿ, ಅವಳ ಮೊಬೈಲಿಗೆ ನಾನು ಮೂರೂ ನುಡಿ ಹಾಡಿದೆ. ದನಿ ಹೋಗಿದೆ, ರಾಗ ಇದೆ. ಮೊದಲ ನುಡಿಗೆ ಅವಳ ಪೆನ್ನು ನಿಂತಿತು. "ಅಜ್ಜಿ, ಇದನ್ನ ತಗದುಬಿಡೂಣ್ರಿ. ಕೇಳಿದವರಿಗೆ ಕೆಟ್ಟ ಅನಸ್ತೈತಿ. ಮುಂದಿನ ಎರಡು ಭಾಳ ಛಲೋ ಅದಾವ."

"ಕೆಟ್ಟ ಅನಸಲಿ. ಅದನ್ನ ತಗದ್ರ ನಮ್ಮತ್ತಿ ಯಾರಿಗೆ ಉತ್ತರ ಕೊಟ್ಟಂಗ ಆತು? ಮೂರೂ ಬರಿ."

ಅವಳು ಬರೆದುಕೊಂಡಳು. ಹಾಳೆಯ ಕೆಳಗೆ ಬೆರಳಿಟ್ಟು, "ಕಟ್ಟಿದವರು ಯಾರು ಅಂತ ಬರೀಬೇಕ್ರಿ. ಜನಪದ ಅಂತ ಬರೀಲೇನ್ರಿ?" ಅಂದಳು.

"ಮೊದಲಿನದಕ್ಕ ಜನಪದ ಅಂತ ಬರಿ. ಅದನ್ನ ನಾವೆಲ್ಲಾರೂ ಕೂಡಿ ಹಾಡೀವಿ. ಮುಂದಿನ ಎರಡಕ್ಕ ನೀಲವ್ವ, ಬನಹಟ್ಟಿ, ಅಂತ ಬರಿ. ದೊಡ್ಡ ಅಕ್ಷರದಾಗ ಬರಿ."

ಅವಳು ದೊಡ್ಡದಾಗಿಯೇ ಬರೆದಳು. ಆಮೇಲೆ ಮೊದಲ ನುಡಿಯ ಹತ್ತಿರ ಪೆನ್ನು ತಂದು, "ಅವತ್ತ ಇದನ್ನ ಹಾಡಿದಾಕಿ ಯಾರ್ರಿ ಅಜ್ಜಿ?" ಅಂತ ಕೇಳಿದಳು.

ಓಣಿಯ ಡಿಜೆ ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ಕಾಯುತ್ತಿತ್ತು. ನಾನು ನನ್ನ ಹೆಸರು ಹೇಳಿದೆ.